ಮೂರು ಸಾವಿರ ಉಳಿಸಿದ ಟಿಕೆಟ್

ನಮ್ಮ ಓಣಿಯಲ್ಲಿ ವಿಮಾನದ ಟಿಕೆಟ್ ತೆಗೆಸಬೇಕಾದವರು ಈಗ ನಮ್ಮ ಮನೆಗೇ ಬರುತ್ತಾರೆ. ನಾವೇನು ಬೋರ್ಡು ಹಾಕಿಲ್ಲ. ಎರಡು ವರ್ಷದಲ್ಲಿ ಮೂರು ಸಲ ವಿಮಾನ ಹತ್ತಿ ಇಳಿದವರು, ಮೇಲೆ ಪೇಪರಿನವರು, ಇವರಿಗೆ ಗೊತ್ತಿರಲೇಬೇಕು ಎಂಬ ನಂಬಿಕೆ. ಕಟ್ಟೆಯ ಮೇಲೆ ಕೂತು ಎಲ್ಲರೂ ಕೇಳುವ ಪ್ರಶ್ನೆ ಒಂದೇ: 'ಯಾವ ಕಂಪನಿ ವಿಮಾನ ಚೊಲೊ ಐತ್ರಿ? ಕಡಿಮಿ ರೇಟು ಯಾವುದರದು?'

ಮೊದಮೊದಲು ನಾವು ಹುರುಪಿನಿಂದ ಉತ್ತರ ಕೊಡುತ್ತಿದ್ದೆವು. ಈಗ ಉತ್ತರಕ್ಕೆ ಮುಂಚೆ ನಾವೇ ಎರಡು ಮಾತು ಕೇಳುತ್ತೇವೆ. ಯಾಕೆ ಹೊರಟಿದ್ದೀರಿ? ಜೊತೆಗೆ ಯಾರಿದ್ದಾರೆ? ಕೆಲವರಿಗೆ ಇದು ಅಧಿಕಪ್ರಸಂಗ ಅನ್ನಿಸುತ್ತದೆ. ಯಾಕೆ ಕೇಳುತ್ತೇವೆ ಎಂದು ಇಲ್ಲಿ ಹೇಳಿಬಿಡುತ್ತೇವೆ.

ನಮ್ಮದು ಗದಗ ಜಿಲ್ಲೆಯ ಹಳ್ಳಿ. ಬಸ್ಸು ಬದಲಿಸಿ ಹುಬ್ಬಳ್ಳಿ ವಿಮಾನ ನಿಲ್ದಾಣ ಮುಟ್ಟಲಿಕ್ಕೆ ಎರಡು ತಾಸಿನ ಮೇಲೆ ಬೇಕು. ಮೊದಲ ಸಲ ಹೋದದ್ದು ಅವ್ವನ ಮೊಣಕಾಲು ತೋರಿಸಲಿಕ್ಕೆ ಬೆಂಗಳೂರಿಗೆ. ರಾತ್ರಿ ಬಸ್ಸಿನಲ್ಲಿ ಕಾಲು ಮಡಚಿ ಕೂತರೆ ಬೆಳಿಗ್ಗೆ ಅವ್ವನನ್ನು ಎತ್ತಿ ಇಳಿಸಬೇಕು. 2023ರ ಜೂನ್‌ನಲ್ಲಿ ಧಾರವಾಡ–ಬೆಂಗಳೂರು ವಂದೇ ಭಾರತ್ ರೈಲು ಶುರುವಾಗಿದೆ, ಕೂತು ಹೋಗಲಿಕ್ಕೆ ಚೊಲೊ, ಆದರೆ ನಮಗೆ ಬೇಕಾದ ದಿನ ಸೀಟು ಸಿಗಲಿಲ್ಲ. ವಿಮಾನ ನೋಡಿದೆವು. ತಿಂಗಳ ಮುಂಚೆ ನೋಡಿದ್ದರಿಂದ ದರ ಕೈಗೆಟುಕುವಂತಿತ್ತು.

ಸಣ್ಣ ಊರುಗಳಿಂದ ಹಾರುವ ಸಣ್ಣ ವಿಮಾನಗಳ ಬಗ್ಗೆ ಜನ ಮೂಗು ಮುರಿಯುತ್ತಾರೆ. ನಮಗೆ ಅವೇ ಇಷ್ಟ. ಇಂಡಿಗೋದ ಎಟಿಆರ್ ಎಂಬ ರೆಕ್ಕೆಗೆ ಪಂಖ ಇರುವ ವಿಮಾನದಲ್ಲಿ 78 ಸೀಟು. ಸ್ಟಾರ್ ಏರ್‌ನ ಎಂಬ್ರೇರ್ 175 ಜೆಟ್‌ನಲ್ಲಿ 76. ಎರಡರಲ್ಲೂ ನಮ್ಮಂಥವರು ಕೂರುವ ಕಡೆ ಈ ಪಕ್ಕಕ್ಕೆ ಎರಡು, ಆ ಪಕ್ಕಕ್ಕೆ ಎರಡು ಸೀಟು. ನಡುವಿನ ಸೀಟು ಎಂಬುದೇ ಇಲ್ಲ! ಒಬ್ಬರಿಗೆ ಕಿಟಕಿ, ಒಬ್ಬರಿಗೆ ಓಡಾಡುವ ದಾರಿ. ಅವ್ವನನ್ನು ಕಿಟಕಿಗೆ ಕೂಡಿಸಿ ನಾವು ಪಕ್ಕದಲ್ಲಿ ಕೂತೆವು. ಎಟಿಆರ್‌ನಲ್ಲಿ ಸದ್ದು ಹೆಚ್ಚು, ತಲೆಯ ಮೇಲಿನ ಪೆಟ್ಟಿಗೆ ಸಣ್ಣದು, ದೊಡ್ಡ ಬ್ಯಾಗಿದ್ದರೆ ಬಾಗಿಲಲ್ಲೇ ಇಸಿದುಕೊಂಡು ಕೆಳಗೆ ಇಡುತ್ತಾರೆ. ತಾಸಿನ ದಾರಿಗೆ ಅದೇನೂ ದೊಡ್ಡ ಸಂಗತಿಯಲ್ಲ.

ಆ ಪ್ರಯಾಣದಲ್ಲಿ ನಮಗೆ ಪಾಠ ಕಲಿಸಿದ್ದು ಕೊಬ್ಬರಿ. ಬೆಂಗಳೂರಿನ ತಂಗಿಗೆಂದು ಅವ್ವ ನಾಲ್ಕು ಗಿಟುಕ ಕೊಬ್ಬರಿ, ಕೆಂಪು ಮೆಣಸಿನಕಾಯಿ ಉಪ್ಪಿನಕಾಯಿ ಕಟ್ಟಿಕೊಂಡಿದ್ದರು. ಒಣಕೊಬ್ಬರಿಯನ್ನು ಕೈಚೀಲದಲ್ಲೂ ಬಿಡುವುದಿಲ್ಲ, ಕೆಳಗೆ ಹಾಕುವ ಬ್ಯಾಗಿನಲ್ಲೂ ಬಿಡುವುದಿಲ್ಲ. ಅದರ ಎಣ್ಣೆಯಂಶ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಎಂದು ಬೆಂಕಿ ತಗಲುವ ವಸ್ತುಗಳ ಪಟ್ಟಿಯಲ್ಲಿ ಅದೂ ಇದೆ. ಮೆಣಸಿನಕಾಯಿ ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ಕೆಳಗಿನ ಬ್ಯಾಗಿಗೆ ಹಾಕಬೇಕು. ಅವ್ವ ಕೊಬ್ಬರಿ ಬಿಟ್ಟು ಬಂದದ್ದನ್ನು ಈಗಲೂ ಹೇಳುತ್ತಾರೆ. 'ಬಂಗಾರ ಒಯ್ದರ ಬಿಡ್ತಾರಂತ, ಕೊಬ್ಬರಿ ಬ್ಯಾಡಂತ.'

ಎರಡನೆಯದು ಕಾಶಿ. ಓಣಿಯ ಐದು ಜನ, ಬೆಂಗಳೂರಿನಿಂದ ವಾರಾಣಸಿಗೆ ದೊಡ್ಡ ವಿಮಾನ. ಏರ್‌ಬಸ್ 320 ಎಂದರೆ ನಮ್ಮ ದೇಶದ ಕಡಿಮೆ ದರದ ಕಂಪನಿಗಳಲ್ಲಿ 180, 186 ಸೀಟು. ಈ ಕಡೆ ಮೂರು, ಆ ಕಡೆ ಮೂರು. ಮುಂದಿನ ಸೀಟಿಗೂ ನಮ್ಮ ಸೀಟಿಗೂ ಇರುವ ಅಂತರ ಇಂಥ ವಿಮಾನಗಳಲ್ಲಿ ಸಾಮಾನ್ಯವಾಗಿ 28ರಿಂದ 30 ಇಂಚು. ಬೆನ್ನಿನಿಂದ ಬೆನ್ನಿಗೆ ಅಳೆಯುವ ಲೆಕ್ಕ ಇದು, ಸೀಟಿನ ದಪ್ಪವೂ ಅದರಲ್ಲೇ ಬಂತು. ಅಂದರೆ ಕಾಲಿಗೆ ಉಳಿಯುವುದು ಎಷ್ಟೆಂದು ಮೊಣಕಾಲು ನೋವಿನವರನ್ನು ಕೇಳಿ. ಸೀಟು ಆರಿಸಿಕೊಳ್ಳಲು ಬೇರೆ ದುಡ್ಡು. ಕೊಡಲಿಲ್ಲ, ಆದ್ದರಿಂದ ಐದು ಜನ ಐದು ಕಡೆ ಬಿದ್ದೆವು. ಅವ್ವ ನಡುವಿನ ಸೀಟಿನಲ್ಲಿ, ಎರಡೂ ಕಡೆ ಕಿವಿಗೆ ವೈರು ಹಾಕಿಕೊಂಡ ಹುಡುಗರು. ಎರಡೂವರೆ ತಾಸು ಮೂತ್ರಕ್ಕೆ ಏಳಲಿಲ್ಲ. ಇಳಿದ ಮೇಲೆ ಹೇಳಿದರು, 'ಹೆಂಗ ಕೇಳೂದಪಾ ಅವರನ್ನ ಏಳ್ರೀ ಅಂತ.'

ತಿನ್ನಲು ಬಿಸಿನೀರು ಹಾಕಿ ಕೊಡುವ ಅವಲಕ್ಕಿ ಡಬ್ಬಿ, ಊರಲ್ಲಿ ಮನೆಮಂದಿಯೆಲ್ಲ ನಾಷ್ಟಾ ಮಾಡುವ ದುಡ್ಡು ಅದಕ್ಕೆ. ನಾವು ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ದಿದ್ದೆವು. ಒಣ ತಿನಿಸು ಒಯ್ಯಬಹುದು, ಯಾರೂ ಬೇಡ ಅನ್ನಲಿಲ್ಲ. ಟಿಕೆಟ್ಟಿನಲ್ಲೇ ಊಟ ಸೇರಿಸಿ ಕೊಡುವ ಏರ್ ಇಂಡಿಯಾದಂಥ ಕಂಪನಿಯೂ ಇದೆ. ಇಂಡಿಗೋ, ಆಕಾಸ ಏರ್‌ಗಳಲ್ಲಿ ಬೇಕಾದವರು ಕೊಂಡು ತಿನ್ನಬೇಕು. ಎರಡು ದರ ಹೋಲಿಸುವಾಗ ಈ ವ್ಯತ್ಯಾಸ ನೆನಪಿಡಬೇಕು ನಿಜ. ಆದರೂ ರೊಟ್ಟಿ ಕಟ್ಟಿಕೊಂಡು ಹೋಗುವ ಜನಕ್ಕೆ ಊಟದ ಮೇಲೆ ಕಂಪನಿ ಆರಿಸುವ ಕೆಲಸವಿಲ್ಲ.

ಸೇವೆ ಎಂದರೆ ಏನೆಂದು ಅವ್ವನಿಗೆ ಆ ವಿಮಾನದಲ್ಲೇ ಗೊತ್ತಾಯಿತು. ಇಳಿಯುವ ಹೊತ್ತಿಗೆ ಬೆಲ್ಟು ಬಿಚ್ಚಲು ಬಾರದೆ ಅವ್ವ ಒದ್ದಾಡುತ್ತಿದ್ದರಂತೆ. ಅಲ್ಲಿನ ಹುಡುಗಿಯೊಬ್ಬಳು ಬಂದು ಬಗ್ಗಿ, 'ಹಿಂಗ ಮ್ಯಾಲ ಎತ್ರಿ ಅಜ್ಜಿ' ಅಂದಳಂತೆ. ಬೆಳಗಾವಿ ಕಡೆಯವಳು. ಕಾಶಿ ವಿಶ್ವನಾಥನಿಗಿಂತ ಹೆಚ್ಚಾಗಿ ಅವ್ವ ಊರಲ್ಲಿ ಹೇಳಿದ್ದು ಆ ಹುಡುಗಿಯ ಸುದ್ದಿ.

ದರದ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ಎಲ್ಲರ ಸಿಟ್ಟು ಇದರ ಮೇಲೆಯೇ. ಬಸ್ಸಿಗೆ ಇದ್ದಂತೆ ವಿಮಾನಕ್ಕೆ ಕಿಲೋಮೀಟರಿಗಿಷ್ಟು ಎಂಬ ಲೆಕ್ಕವಿಲ್ಲ. ಕಂಪನಿಗಳು ಒಂದೇ ವಿಮಾನದ ಸೀಟುಗಳನ್ನು ಬೇರೆ ಬೇರೆ ದರದ ಗುಂಪು ಮಾಡಿ ಇಟ್ಟಿರುತ್ತವೆ. ಕಡಿಮೆಯವು ಮೊದಲು ಹೋಗುತ್ತವೆ, ಉಳಿದವು ಏರುತ್ತಾ ಹೋಗುತ್ತವೆ. ಆದ್ದರಿಂದ ಒಂದೇ ಸಾಲಿನಲ್ಲಿ ಮೂರು ಸಾವಿರ ಕೊಟ್ಟವರೂ ಒಂಬತ್ತು ಸಾವಿರ ಕೊಟ್ಟವರೂ ಭುಜಕ್ಕೆ ಭುಜ ತಾಗಿಸಿ ಕೂತಿರುತ್ತಾರೆ. ಹಬ್ಬಕ್ಕೆ, ಮದುವೆಗೆ ಹೊರಟವರು ಮುಂಚೆಯೇ ತೆಗೆಸುತ್ತಾರೆ. ಹೆಚ್ಚು ಕೊಡುವವರು ಎರಡು ತರಹದವರು: ಕಂಪನಿ ಖರ್ಚಿನಲ್ಲಿ ಹೋಗುವವರು, ಮತ್ತು ಮನೆಯಲ್ಲಿ ಯಾರಿಗೋ ಹೆಚ್ಚುಕಡಿಮೆ ಆದವರು.

ಉಡಾನ್ ಯೋಜನೆಯಲ್ಲಿ ತಾಸಿನ ಹಾರಾಟಕ್ಕೆ 2,500 ರೂಪಾಯಿ ಎಂಬ ಮಾತಿತ್ತಲ್ಲ ಎಂದು ಜನ ಕೇಳುತ್ತಾರೆ. ಇತ್ತು. 2017ರ ಏಪ್ರಿಲ್‌ನಲ್ಲಿ ಶಿಮ್ಲಾ–ದೆಹಲಿ ನಡುವೆ ಅದರ ಮೊದಲ ವಿಮಾನ ಹಾರಿತು, ಹುಬ್ಬಳ್ಳಿಗೂ ಆ ಯೋಜನೆಯಿಂದಲೇ ಹಲವು ಮಾರ್ಗ ಬಂದವು. ಆದರೆ ಆ ದರ ಸುಮಾರು ಅರ್ಧ ಸೀಟುಗಳಿಗೆ ಮಾತ್ರ, ಅದೂ ಸರ್ಕಾರದ ನೆರವು ಇರುವ ಮೂರು ವರ್ಷದ ಮಟ್ಟಿಗೆ. ನೆರವು ಮುಗಿದ ಮೇಲೆ ದರ ಕಂಪನಿಯ ಇಷ್ಟ, ಕೆಲವು ಕಡೆ ವಿಮಾನವೇ ಇಲ್ಲ. 2025ರ ಡಿಸೆಂಬರ್‌ನಲ್ಲಿ ಇಂಡಿಗೋದ ವಿಮಾನಗಳು ದಿನಕ್ಕೆ ನೂರಾರು ರದ್ದಾಗಿ ದರ ಮುಗಿಲಿಗೇರಿದಾಗ ಸರ್ಕಾರ ಮಿತಿ ಹಾಕಿತು: 500 ಕಿಲೋಮೀಟರ್ ಒಳಗೆ 7,500, ಸಾವಿರದ ಒಳಗೆ 12,000, ತೆರಿಗೆ ಬೇರೆ. ಅಂದರೆ ಮಿತಿ ಹಾಕಲು ಬರುತ್ತದೆ, ಮನಸ್ಸು ಬೇಕು, ಅಷ್ಟೆ.

ಇನ್ನು ಹೋಲಿಕೆ. ದೇಶದೊಳಗೆ ಹಾರುವ ನೂರು ಜನರಲ್ಲಿ ಅರವತ್ತಕ್ಕೂ ಹೆಚ್ಚು ಜನ ಒಂದೇ ಕಂಪನಿಯ ವಿಮಾನದಲ್ಲಿ ಕೂರುತ್ತಾರೆ, ಅದು ಇಂಡಿಗೋ. ಆರಾಮಕ್ಕೆ, ಊಟಕ್ಕೆ ಹೆಸರಾಗಿದ್ದ ಕಿಂಗ್‌ಫಿಶರ್ 2012ರಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರಲ್ಲಿ. ವಿಸ್ತಾರ 2024ರಲ್ಲಿ ಏರ್ ಇಂಡಿಯಾದೊಳಗೆ ಸೇರಿಹೋಯಿತು. ನಮ್ಮ ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ, ಊಟ ಬೇಡ, ಆಡಂಬರ ಬೇಡ, ಸಾಮಾನ್ಯರು ಹಾರಲಿ ಎಂದು ಒಂದು ರೂಪಾಯಿ ಟಿಕೆಟ್ ಕೂಡ ಮಾರಿದವರು. ಆ ಕಂಪನಿಯೂ ಕೊನೆಗೆ ಕಿಂಗ್‌ಫಿಶರ್ ಪಾಲಾಯಿತು. ಹೀಗಾಗಿ ಹುಬ್ಬಳ್ಳಿ, ಕಲಬುರಗಿಯಂಥ ಊರಿನಿಂದ ಹೊರಡುವವರಿಗೆ ಬಹಳ ಸಲ ಹೋಲಿಸಲಿಕ್ಕೆ ಎರಡನೆಯದೇ ಇರುವುದಿಲ್ಲ. ಇದ್ದಾಗ ನಾವು ಹೋಲಿಸಿದೆವು. ಅದೇ ಮೂರನೆಯ ಪ್ರಯಾಣ.

ರಾತ್ರಿ ಹನ್ನೊಂದರ ಹೊತ್ತಿಗೆ ಡೊಂಬಿವಲಿಯಿಂದ ಫೋನು ಬಂತು. ಅವ್ವನ ಅಣ್ಣ, ನಮ್ಮ ಸೋದರಮಾವ, ತೀರಿಕೊಂಡಿದ್ದರು. ಹದಿನೆಂಟನೇ ವಯಸ್ಸಿಗೆ ದುಡಿಯಲು ಮುಂಬೈಗೆ ಹೋದವರು ಅಲ್ಲಿಯೇ ನಿಂತವರು. ಅವ್ವನಿಗೆ ಉಳಿದಿದ್ದ ಒಬ್ಬನೇ ಒಡಹುಟ್ಟಿದವ. ಮಾವನ ಮಗ ಹೇಳಿದ, 'ಮಧ್ಯಾಹ್ನ ಮೂರಕ್ಕ ಎತ್ತತೀವಿ. ಅತ್ತಿ ಬರೂತನಕಾ ಕಾಯ್ತೀವಿ, ಆದರ ಲಗೂನ ಬರ್ರಿ.'

ಆ ಹೊತ್ತಿಗೆ ಮುಂಬೈ ಬಸ್ಸುಗಳು ಹುಬ್ಬಳ್ಳಿ ದಾಟಿ ಹೋಗಿದ್ದವು. ಫೋನಿನಲ್ಲಿ ವಿಮಾನ ಹುಡುಕಿದೆವು. ನೇರ ಹೋಗುವುದು ಮರುದಿನ ಮಧ್ಯಾಹ್ನದ ಮೇಲೆ, ಪ್ರಯೋಜನವಿಲ್ಲ. ಉಳಿದದ್ದು ಬೆಂಗಳೂರು ಮೇಲೆ ಸುತ್ತಿ ಹೋಗುವುದು. ಎರಡು ದಾರಿ ಕಂಡವು. ಒಂದು, ಒಂದೇ ಕಂಪನಿಯ ಒಂದೇ ಟಿಕೆಟ್, ತಲೆಗೆ 8,400. ಇನ್ನೊಂದು, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದು ಕಂಪನಿ, ಅಲ್ಲಿಂದ ಮುಂಬೈಗೆ ಬೇರೆ ಕಂಪನಿ, ಎರಡೂ ಸೇರಿ ತಲೆಗೆ 6,900. ಮುಂಬೈ ಮುಟ್ಟುವ ಹೊತ್ತು ಹೆಚ್ಚುಕಡಿಮೆ ಒಂದೇ, ಹನ್ನೆರಡು ಚಿಲ್ಲರೆ. ಸಾವಿನ ಮನೆಗೆ ಹೋಗುವಾಗಲೂ ಕೈ ಲೆಕ್ಕ ಹಾಕುತ್ತದೆ. ಸುದ್ದಿಗಿಷ್ಟು ಎಂದು ದುಡ್ಡು ಬರುವ ಕೆಲಸ ನಮ್ಮದು, ಮೂರು ಸಾವಿರ ಎಂದರೆ ಎಷ್ಟೋ ಸುದ್ದಿ. ಕಡಿಮೆಯದನ್ನು ತೆಗೆದೆವು. ತೆಗೆದು ಅವ್ವನಿಗೆ ಹೇಳಿದೆವು ಕೂಡ: 'ಮೂರು ಸಾವಿರ ಉಳೀತವ್ವಾ.' ಅವ್ವ ಗೋಡೆಗೆ ಒರಗಿ ಕೂತಿದ್ದರು, ಹೂಂ ಅಂದರು.

ಬೆಳಗಿನ 7:15ರ ವಿಮಾನ ಐವತ್ತು ನಿಮಿಷ ತಡವಾಯಿತು. ದೊಡ್ಡ ಕಾರಣವೇನಿಲ್ಲ, ಆ ವಿಮಾನ ಬೇರೆ ಊರಿನಿಂದ ಬರುವುದೇ ತಡ. ಇಂಥ ಸಣ್ಣ ಹಾರಾಟ ಎರಡು ತಾಸು ತಡವಾದರೆ ತಿಂಡಿ ಚಹಾ ಕೊಡಬೇಕೆಂಬ ನಿಯಮವಿದೆ. ಐವತ್ತು ನಿಮಿಷಕ್ಕೆ ಯಾವ ನಿಯಮವೂ ಇಲ್ಲ. ಬೆಂಗಳೂರಿನಲ್ಲಿ ಇಳಿದಾಗ 9:15. ಮುಂಬೈ ವಿಮಾನ 10:25ಕ್ಕೆ. ಒಂದು ತಾಸು ಹತ್ತು ನಿಮಿಷ ಇದೆಯಲ್ಲ ಎಂದು ಧೈರ್ಯ.

ನಮಗೆ ಗೊತ್ತಿಲ್ಲದ್ದು ಏನೆಂದರೆ, ಬೆಂಗಳೂರಿನಲ್ಲಿ ಎರಡು ಟರ್ಮಿನಲ್ ಇವೆ, ನಮ್ಮ ಎರಡು ಕಂಪನಿಗಳು ಎರಡು ಕಡೆ. ಇಳಿದು, ಹೊರಗೆ ಬಂದು, ಶಟಲ್ ಬಸ್ಸಿಗೆ ಕಾದು, ಇನ್ನೊಂದು ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಿ, ಮತ್ತೆ ತಪಾಸಣೆಯ ಸಾಲು. ಅವ್ವನ ಬಳೆ, ಕೊರಳಿನ ಸರ, ಯಂತ್ರ ಕೂಗುವುದು, ಮತ್ತೆ ಬದಿಗೆ ಕರೆಯುವುದು. ಗಾಲಿಕುರ್ಚಿಯನ್ನು ಮುಂಚೆ ಹೇಳಿಟ್ಟಿರಲಿಲ್ಲ. ನಡುರಾತ್ರಿಯಲ್ಲಿ ಅದು ನೆನಪಾಗಲಿಲ್ಲ. ಮೊಣಕಾಲು ಹಿಡಿದುಕೊಂಡು ಅವ್ವ ನಡೆದರು. ಆ ನಿಲ್ದಾಣದಲ್ಲಿ ನಡೆಯುವುದೆಂದರೆ ನಮ್ಮೂರಿನ ಬಸ್ ಸ್ಟ್ಯಾಂಡಿನಿಂದ ಗುಡಿಯ ತನಕ ಹೋಗಿಬಂದಂತೆ. 'ನೀ ಮುಂದ ಓಡು, ನಿಲ್ಲಸು' ಅಂದರು, ಬಸ್ಸಿಗೆ ಅಂದಂತೆ.

ಓಡಿದೆವು. ಹೊರಡುವುದಕ್ಕೆ 25 ನಿಮಿಷ ಮುಂಚೆ ಗೇಟು ಮುಚ್ಚುತ್ತದೆ ಎಂದು ಬೋರ್ಡಿಂಗ್ ಪಾಸಿನಲ್ಲೇ ಬರೆದಿತ್ತು. ನಾವು ಮುಟ್ಟಿದಾಗ 10:07. ಏಳು ನಿಮಿಷ. ಗಾಜಿನಾಚೆ ವಿಮಾನ ನಿಂತೇ ಇತ್ತು. ಅವ್ವನೂ ಕುಂಟುತ್ತ ಬಂದು ಗಾಜಿಗೆ ಕೈ ಹಚ್ಚಿ ನಿಂತರು. ಗೇಟಿನವರಿಗೆ ಕೈ ಮುಗಿದು ಹೇಳಿದೆವು, ಸಾವಾಗಿದೆ ಎಂದೂ ಹೇಳಿದೆವು. ಅವರು ಒರಟಾಗೇನೂ ಮಾತಾಡಲಿಲ್ಲ. ಟಿಕೆಟ್ ನೋಡಿ ಕೇಳಿದರು: 'ಹುಬ್ಬಳ್ಳಿಯಿಂದ ಬಂದದ್ದು ನಮ್ಮ ವಿಮಾನದಲ್ಲಾ?' ಅಲ್ಲ. 'ಹಾಗಾದರೆ ನಾವೇನೂ ಮಾಡಲು ಬರುವುದಿಲ್ಲ.' ಹುಬ್ಬಳ್ಳಿಯಿಂದ ತಂದ ಕಂಪನಿಯವರನ್ನು ಕೇಳಿದರೆ, ನಿಮ್ಮನ್ನು ಬೆಂಗಳೂರಿಗೆ ಮುಟ್ಟಿಸಿದ್ದೇವಲ್ಲ, ನಮ್ಮ ಟಿಕೆಟ್ ಅಲ್ಲಿಗೇ ಮುಗಿಯಿತು ಎಂದರು. ಇಬ್ಬರು ಹೇಳಿದ್ದೂ ಸರಿ. ಫೋನಿನಲ್ಲಿ ಒಂದೇ ಪ್ರಯಾಣದಂತೆ ಕಂಡದ್ದು ಕಾಗದದಲ್ಲಿ ಎರಡು ಬೇರೆ ಪ್ರಯಾಣ. ನಡುವಿನ ಒಂದು ತಾಸು ಹತ್ತು ನಿಮಿಷಕ್ಕೆ ಯಾರೂ ಜವಾಬ್ದಾರರಲ್ಲ, ನಾವೇ.

ಒಂದೇ ಟಿಕೆಟ್, ಅಂದರೆ ಒಂದೇ ಪಿಎನ್‌ಆರ್ ಸಂಖ್ಯೆ ಇದ್ದಿದ್ದರೆ ಲೆಕ್ಕ ಬೇರೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದರಲ್ಲಿ ಕೂಡಿಸುವ ಹೊಣೆ ಕಂಪನಿಯದು, ಹೆಚ್ಚಿಗೆ ದುಡ್ಡಿಲ್ಲ. ಆ ಕಂಪನಿಯದು ಹನ್ನೊಂದರ ಸುಮಾರಿಗೆ ಇನ್ನೊಂದು ವಿಮಾನ ಇತ್ತು ಎಂದು ಆಮೇಲೆ ನೋಡಿದೆವು. ಅದರಲ್ಲಿ ಸೀಟು ಸಿಗುತ್ತಿತ್ತೋ, ಸಿಕ್ಕರೂ ಮೂರಕ್ಕೆ ಮುಟ್ಟುತ್ತಿದ್ದೆವೋ, ಹೇಳಲು ಬರುವುದಿಲ್ಲ. ಆದರೂ ನೋಡಿದೆವು, ಅದೊಂದು ತಪ್ಪು ಮಾಡಿದೆವು. ನೋಡಬಾರದಿತ್ತು.

ನಮಗೆ ಸಿಕ್ಕಿದ್ದು 1:40ರ ವಿಮಾನ, ತಲೆಗೆ 11,300. ಹೆಂಡತಿಗೆ ಫೋನು ಮಾಡಿ, ಆಕೆ ಮಹಿಳಾ ಸಂಘದವರನ್ನು ಕೇಳಿ, ದುಡ್ಡು ಖಾತೆಗೆ ಬರುವಷ್ಟರಲ್ಲಿ ಇನ್ನೇನು ಅದೂ ಹೋಯಿತು ಅನ್ನಿಸಿತು. ಆ ವಿಮಾನದಲ್ಲಿ ಸೀಟು ಹೇಗಿತ್ತು, ಏನು ಕೊಟ್ಟರು ಎಂಬುದು ನಮಗೆ ನೆನಪಿಲ್ಲ. ಅವ್ವ ನೀರೂ ಕುಡಿಯಲಿಲ್ಲ.

ಮುಂಬೈಯಲ್ಲಿ ಇಳಿದಾಗ ಮೂರೂವರೆ. ಆಗ ನವಿ ಮುಂಬೈ ವಿಮಾನ ನಿಲ್ದಾಣ ಇನ್ನೂ ಶುರುವಾಗಿರಲಿಲ್ಲ. 2025ರ ಡಿಸೆಂಬರ್ 25ರಿಂದ ಅಲ್ಲಿಂದಲೂ ವಿಮಾನ ಹಾರುತ್ತಿವೆ, ಡೊಂಬಿವಲಿ ಕಡೆಯವರು ಟಿಕೆಟ್ ತೆಗೆಯುವಾಗ ಅದನ್ನೂ ನೋಡಿ. ನಾವು ಟ್ಯಾಕ್ಸಿಯಲ್ಲಿ ಟ್ರಾಫಿಕ್ ದಾಟಿ ಮನೆ ಮುಟ್ಟಿದಾಗ ಐದೂವರೆ. ನಾಲ್ಕರ ತನಕ ಕಾದಿದ್ದರಂತೆ. ಸ್ಮಶಾನಕ್ಕೆ ಹೋದವರು ವಾಪಸ್ ಬಂದು ಕೆಳಗಿನ ನಳದಲ್ಲಿ ಕೈಕಾಲು ತೊಳೆಯುತ್ತಿದ್ದರು. ಅವ್ವ ಮೆಟ್ಟಿಲು ಹತ್ತಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಕೂತರು. ಮಾವನ ಮಗ ಫೋನು ತಂದು ಮುಖದ ಫೋಟೋ ತೋರಿಸಿದ. ಅವ್ವ ಫೋಟೋದ ಮೇಲೆ ಕೈ ಆಡಿಸಿದರು, ಪರದೆ ಸರಿದು ಬೇರೆ ಯಾವುದೋ ಚಿತ್ರ ಬಂತು.

ತಪ್ಪಿದ ವಿಮಾನದ ದುಡ್ಡು ಹೋದ ಹಾಗೆಯೇ ಅಂದುಕೊಂಡಿದ್ದೆವು. ತಿಂಗಳಾದ ಮೇಲೆ ತಿಳಿದದ್ದು: ಹತ್ತದೆ ಬಿಟ್ಟ ಟಿಕೆಟ್ಟಿನಲ್ಲೂ ಸರ್ಕಾರದ ತೆರಿಗೆ, ನಿಲ್ದಾಣದ ಶುಲ್ಕ ವಾಪಸ್ ಕೊಡಬೇಕು, ಟಿಕೆಟ್ 'ದುಡ್ಡು ವಾಪಸ್ ಇಲ್ಲ' ಎಂಬ ಬಗೆಯದಾಗಿದ್ದರೂ. ಕೇಳಿದೆವು, ಎರಡಕ್ಕೂ ಸೇರಿ ಸಾವಿರದ ಮೇಲೆ ಚಿಲ್ಲರೆ ಬಂತು. ಕೇಳದಿದ್ದರೆ ಬರುತ್ತಿರಲಿಲ್ಲ. ಕಂಪನಿ ಕೊಡದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ಎಂಬ ಆ್ಯಪ್‌ನಲ್ಲಿ ದೂರು ಹಾಕಬಹುದು. ವಿಮಾನವನ್ನು ಕಂಪನಿಯೇ ರದ್ದು ಮಾಡಿದರೆ ಪೂರ್ತಿ ದುಡ್ಡೋ ಬೇರೆ ವಿಮಾನವೋ ಎಂದು ಆರಿಸುವ ಹಕ್ಕು ನಮ್ಮದು. ಕೌಂಟರಿನಲ್ಲಿ ಅವರು ಒಂದನ್ನೇ ಹೇಳುತ್ತಾರೆ, ಇನ್ನೊಂದನ್ನು ನಾವು ಕೇಳಬೇಕು. ನಡೆಯಲು ಆಗದವರಿದ್ದರೆ ಟಿಕೆಟ್ ತೆಗೆಯುವಾಗಲೇ ಗಾಲಿಕುರ್ಚಿ ಎಂದು ಗುರುತು ಹಾಕಿ.

ಆ ಮೂರು ಸಾವಿರದ ಮಾತನ್ನು ಅವ್ವ ಇವತ್ತಿನ ತನಕ ಎತ್ತಿಲ್ಲ. ಬೈದಿದ್ದರೆ ಚೊಲೊ ಇತ್ತು.

ಮೊನ್ನೆ ಹಿಂದಿನ ಮನೆಯ ಕಾಕಾ ಬಂದಿದ್ದರು. ದೆಹಲಿಯಲ್ಲಿ ಮಗಳ ಹೆರಿಗೆ, ಕಾಕು ಒಬ್ಬರೇ ಹೋಗಬೇಕು. ಎಂದಿನಂತೆ ಕೇಳಿದರು, ಕಡಿಮಿ ಯಾವುದರದು ನೋಡ್ರಿ ಅಂತ. ನಾವು ಫೋನು ತೆಗೆದು ದರ ನೋಡುತ್ತಿದ್ದೆವು. ಒಳಗೆ ಜೋಳ ಹಸನು ಮಾಡುತ್ತಿದ್ದ ಅವ್ವ ಮೊರ ನಿಲ್ಲಿಸಿ ಅಲ್ಲಿಂದಲೇ ಅಂದರು:

'ಒಂದ ಚೀಟಿ ತಗಸಂತ ಹೇಳು ಅವರಿಗೆ. ಎರಡು ಚೀಟಿ ಬ್ಯಾಡ.'

ಮತ್ತೆ ಮೊರದ ಸದ್ದು ಶುರುವಾಯಿತು.